ದೊಡ್ಡವ್ವ ಗಂಗಾಳ ಸರಿಸಿದ ಮೇಲೆ

ದೊಡ್ಡವ್ವ ದೇಹ ಬಿಡಲು ಕುಳಿತಿದ್ದಾಳೆ ಎಂಬ ಸುದ್ದಿ ಬಂದಾಗ ನಾನು ಶಹಾಪುರದಲ್ಲಿದ್ದೆ. ಬಸ್ಸು ಹಿಡಿದು ರಂಗಂಪೇಟೆಗೆ ಹೋದರೆ ಮನೆ ಮುಂದೆ ಚಪ್ಪಲಿಗಳ ರಾಶಿ. ಒಳಗೆ ನಮ್ಮವ್ವನ ಅಕ್ಕ, ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡು ಹೂವಿನ ಮಾಲೆ, ಗೋಡೆಗೊರಗಿ ಕುಳಿತಿದ್ದಳು. ಬಂದವರೆಲ್ಲ ಸಾಲಾಗಿ ಕಾಲಿಗೆ ಬೀಳುತ್ತಿದ್ದರು.

"ಅನ್ನ ಬಿಟ್ಟು ವಾರಾತು. ಪುಣ್ಯವಂತಿ, ತಾನಾಗೇ ಹೊಂಟಾಳ," ಎಂದರು ಪುರಾಣ ಓದುವ ಹಿರಿಯರೊಬ್ಬರು. "ಶಾಸ್ತ್ರದಾಗ ಅದರಿ ಇದು."

ಇದೆ, ಇಲ್ಲ ಎಂದವರಾರು? ಆದರೆ ಅದು, ಮಾಡುವುದೆಲ್ಲ ಮುಗಿಸಿ, ಯಾರ ಮೇಲೂ ಮುನಿಸಿಲ್ಲದೆ, ಸಮಾಧಾನದಿಂದ ಅನ್ನ ನೀರು ಬಿಡುವವರ ಮಾತು. ಸಿಟ್ಟಿನಲ್ಲಿ, ದುಃಖದಲ್ಲಿ ಜೀವ ಕಳೆದುಕೊಳ್ಳುವುದನ್ನು ಅದೇ ಶಾಸ್ತ್ರ ಪಾಪ ಎನ್ನುತ್ತದೆ. ಆ ಪುಟ ಹಿರಿಯರಿಗೆ ಕಾಣಲಿಲ್ಲವೇ? ಕಂಡಿರಬೇಕು, ದಾಟಿಕೊಂಡು ಹೋಗಿದ್ದಾರೆ.

ಜನ ಕರಗಿದಾಗ ಕಿವಿಯ ಹತ್ತಿರ ಬಾಗಿ ಕೇಳಿದೆ, "ದೊಡ್ಡವ್ವಾ, ಯಾಕ ಉಣವಲ್ಲಿ?"

"ಬೀಗರ ಮುಂದ ನನ್ನ ಮಗ ಅಂದಾನವ್ವ, ನಿನಗ ಬರೇ ಉಣ್ಣೂದೇ ಚಿಂತಿ ಅಂತ. ಉಣ್ಣೂ ಗಂಗಾಳ ಸರಿಸಿ ಎದ್ದೆ. ಕರೀತಾನ ಅಂತ ದಾರಿ ನೋಡ್ದೆ. ಕರೀಲಿಲ್ಲ. ಆಮ್ಯಾಲ ಮಂದಿ ಕಾಲಿಗೆ ಬೀಳಾಕ ಬಂದ್ರು."

ಇಷ್ಟೇ! ನಮ್ಮ ಮನೆಗಳಲ್ಲಿ ಹೆಂಗಸರು ಸಿಟ್ಟು ಬಂದರೆ ಉಣ್ಣುವುದಿಲ್ಲ. ಅಂದವರೇ ಬಂದು "ಏಳು, ಉಣ್ಣು" ಎಂದು ರಮಿಸಬೇಕು. ಅಷ್ಟಕ್ಕೆ ಸಿಟ್ಟು ಇಳಿಯುತ್ತದೆ. ಹುಟ್ಟಿದಾಗಿನಿಂದ ಇದನ್ನು ನೋಡಿದವರೇ ಅಲ್ಲಿದ್ದವರೆಲ್ಲ.

"ನಾ ತರ್ತೀನಿ, ಉಣ್ಣು," ಎಂದೆ.

"ನೀ ಅಂದ್ರ ಹ್ಯಾಂಗ? ಅಂವ ಅನ್ಲಿ."

ಅವಳ ಮಗ, ನನ್ನ ತಮ್ಮ, ಹಿತ್ತಲಲ್ಲಿ ಬಂದವರಿಗೆ ಚಹಾ ಮಾಡಿಸುತ್ತಿದ್ದ. ಎಲ್ಲ ಹೇಳಿ, ಒಂದು ಮಾತು ಅನ್ನು ಎಂದು ಅಂಗಲಾಚಿದೆ.

"ಅಕ್ಕಾ, ಸುಮ್ನಿರು. ಊರೆಲ್ಲಾ ಕೈ ಮುಗಿಯಾಕತ್ತದ. ಈಗ ಉಂಡ್ರ ನನ್ನ ಮರ್ಯಾದಿ ಏನಾಗ್ಬೇಕು?"

ಹೆತ್ತವಳ ಹೊಟ್ಟೆಗಿಂತ ಇವನ ಮರ್ಯಾದೆ ದೊಡ್ಡದು! ದವಾಖಾನೆಗಾದರೂ ಒಯ್ಯೋಣ ಎಂದು ಕೂಗಾಡಿದೆ. ಪುಣ್ಯದ ಕೆಲಸಕ್ಕೆ ಅಡ್ಡ ಬಂದ ಹುಚ್ಚಿ ಎಂದರು. ನಾನೇ ಗಂಜಿ ಕಾಯಿಸಿಕೊಂಡು ಹೋದೆ. ದೊಡ್ಡವ್ವ ಬಾಗಿಲ ಕಡೆ ನೋಡಿದಳು. ಮಗ ಅಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ. ಅವಳೂ ಬಿಡಲಿಲ್ಲ.

ಆ ವಾರವೇ ಹೋದಳು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಆ ಸಮಾಧಿಯ ಮೇಲೆ ತಮ್ಮ ಒಂದು ಗದ್ದುಗೆ ಕಟ್ಟಿಸಿದ್ದಾನೆ. ಅಮಾವಾಸ್ಯೆಗೊಮ್ಮೆ ಅದರ ಮುಂದೆ ಹೋಳಿಗೆ ಎಡೆ ಇಟ್ಟು, ಕಣ್ಣು ಮುಚ್ಚಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಾನೆ: "ಯವ್ವಾ, ಉಣ್ಣು."