ಹುಣಸೆ ನೀರಿನ ತೊಟ್ಟಿ

ಅಣ್ಣನನ್ನು ಆಸ್ಪತ್ರೆಗೆ ಒಯ್ದದ್ದು ಶ್ರಾವಣದಲ್ಲೆಂದೇ ನಾನು ನಂಬಿದ್ದೆ. ಭಾದ್ರಪದವೆಂದು ಅತ್ತಿಗೆ ವಾದಿಸಿದರು. ಆಸ್ಪತ್ರೆಯ ಚೀಟಿಯನ್ನು ಪಂಚಾಂಗದೊಡನೆ ಹೋಲಿಸಿ ನೋಡಿದೆ: ಅತ್ತಿಗೆಯ ಮಾತೇ ಸರಿ. ಉಳಿದುದರಲ್ಲಿ ನನ್ನ ನೆನಪು ತಪ್ಪಿಲ್ಲ, ತಪ್ಪಿದ್ದರೆ ಒಳ್ಳೆಯದಿತ್ತು.

ಕೊಳ್ಳೇಗಾಲದಲ್ಲಿ ಅಣ್ಣನದು ರೇಷ್ಮೆ ನೂಲು ಬೇಯಿಸುವ ಕೆಲಸ. ಕ್ಷಾರವಾದ ಸೋಡಾಪುಡಿ ಬೆರೆಸಿದ ನೀರಿನಲ್ಲಿ ಕುದಿಸಿದರೆ ನೂಲಿನ ಅಂಟು ಬಿಡುತ್ತದೆ. ಆದರೆ ಸೋಡಾದ ಕ್ಷಾರ ಉಳಿದರೆ ಎಳೆ ಹಾಳಾಗುತ್ತದೆ. ಆದ್ದರಿಂದ ಕೊನೆಗೊಮ್ಮೆ ತೆಳು ಹುಣಸೆ ನೀರಿನ ತೊಟ್ಟಿಯಲ್ಲಿ ಅದ್ದುತ್ತಾರೆ. ಹುಳಿಯ ಆಮ್ಲ ಕ್ಷಾರವನ್ನು ತಟಸ್ಥಗೊಳಿಸುತ್ತದೆ, ನೂಲಿಗೆ ಹೊಳಪು ಮರಳುತ್ತದೆ.

ಅಂದು ಗಟ್ಟಿ ಸೋಡಾ ನೀರು ಕದಡುತ್ತಿದ್ದ ಅಣ್ಣನ ಕೈಯಿಂದ ಬಕೆಟ್ಟು ಜಾರಿ, ನೀರು ಅವನ ಎಡಗಣ್ಣಿಗೆ ಸಿಡಿಯಿತು. ಕೂಗು ಕೇಳಿ ನಾನು ಓಡುವಷ್ಟರಲ್ಲಿ ಅತ್ತಿಗೆ ಹುಣಸೆ ತೊಟ್ಟಿಯಿಂದ ಚೊಂಬು ತುಂಬಿಕೊಂಡಿದ್ದರು.

"ಬ್ಯಾಡಿ ಅತ್ತಿಗೆ! ಬರೀ ನೀರು ಉಯ್ಯಿ!"

"ನೂಲ್ಗೆ ಆಗೋದು ಕಣ್ಗಾಗಕಿಲ್ವಾ? ಸೋಡಾ ಸಾಯ್ಬೇಕಂದ್ರೆ ಉಣಸೇನೇ ಬೇಕು. ನೀವೇ ಓದ್ದೋರು, ಯೋಳಿ!"

ಹೇಗೆ ಹೇಳಲಿ? ಆಮ್ಲವೂ ಕ್ಷಾರವೂ ಕೂಡುವಾಗ ಶಾಖ ಹುಟ್ಟುತ್ತದೆ. ತೊಟ್ಟಿ ತಡೆದೀತು, ಕಣ್ಣು ತಡೆಯದು. ಎಷ್ಟು ಕ್ಷಾರಕ್ಕೆ ಎಷ್ಟು ಹುಳಿಯೆಂದು ಕಣ್ಣಿನೊಳಗೆ ಅಳೆಯಲಾದೀತೆ? ಮಿಕ್ಕ ಹುಳಿಯೂ ಸುಡುತ್ತದೆ.

"ಲೇ, ಪಾಠ ಆಮೇಕೆ ಮಾಡೂವಂತೆ, ಏನಾರ ಉಯ್ಯೋ!" ಎಂದು ಅಣ್ಣ ಅರಚಿದ.

ಚೊಂಬು ಕಿತ್ತುಕೊಂಡು ಚೆಲ್ಲಿದೆ. ನಲ್ಲಿಯಲ್ಲಿ ನೀರಿಲ್ಲ; ಕರೆಂಟಿಲ್ಲದೆ ಬೋರ್‌ವೆಲ್ಲೂ ನಿಂತಿತ್ತು. ಕುಡಿಯುವ ನೀರಿನ ಕ್ಯಾನ್ ಬರಿದಾಯಿತು. ಅತ್ತಿಗೆ ಬೀದಿಗೆ ಓಡಿ ಅಂಗಲಾಚಿದರು. ನೆರೆಮನೆಗಳ ಕೊಡಗಳು ಬಂದವು. ರೆಪ್ಪೆ ಬಿಡಿಸಿ ಹಿಡಿದು ಸುರಿದೆ. ಆಟೋದಲ್ಲಿಯೂ ಸುರಿಯುತ್ತಲೇ ಹೋದೆ.

ಆಸ್ಪತ್ರೆಯಲ್ಲಿ ವೈದ್ಯೆ ಅಣ್ಣನ ಕೆಳರೆಪ್ಪೆಗೆ ಬಣ್ಣ ಬದಲಿಸುವ ಕಾಗದದ ಚೂರು ತಾಗಿಸಿದರು. ಮಣ್ಣಿನ ಸಂಶೋಧಕನಾಗಿದ್ದ ನಾನು ಧನಗೆರೆಯ ಹೊಲಗಳ ಮಣ್ಣಿಗೆ ಎಷ್ಟೋ ಸಲ ಹಚ್ಚಿ ನೋಡಿದ ಕಾಗದ. ಕಡುನೀಲಿ ಬಂತು: ಕ್ಷಾರ ಒಳಗೇ ಇದೆ. ಮತ್ತೆ ತೊಳೆದರು. ಮತ್ತೆ ನೀಲಿ. ಹಸುರಾಗು, ಹಸುರಾಗು ಎಂದು ಆ ಚೂರನ್ನೇ ಬೇಡಿಕೊಂಡೆ.

ಸಂಜೆಯ ಹೊತ್ತಿಗೆ ಹಸುರಾಯಿತು.

"ಏನ್ ಬಣ್ಣ ಬಂತ್ಲಾ?" ಎಂದು ಅಣ್ಣ ಎರಡೂ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಹಸುರು. ಸೋಡಾ ಪೂರ್ತಿ ಓಯ್ತು."

"ಅಂಗಾರೆ ಕಣ್ ಬತ್ತದೆ ಅನ್ನು."

ವೈದ್ಯೆ ನನ್ನತ್ತ ನೋಡಿ ಇಲ್ಲವೆಂದು ತಲೆಯಾಡಿಸಿದರು. ಕ್ಷಾರ ಹೋಗಿತ್ತು, ಆದರೆ ಅದು ಆಗಲೇ ತಿಂದುಬಿಟ್ಟಿದ್ದ ಕಣ್ಣಿನ ಭಾಗ ಬೆಂದ ಮೊಟ್ಟೆಯಂತೆ ಬೆಳ್ಳಗಾಗಿತ್ತು. ಅಣ್ಣ ನನ್ನ ಮುಂಗೈ ತಡಕಿ ಹಿಡಿದ.

"ಯೋಳ್ಲಾ, ಬತ್ತದೆ ಅಲ್ವಾ?"

ಹಸುರು ಚೂರು ನನ್ನ ಬೆರಳ ನಡುವೆಯೇ ಇತ್ತು. "ಹಸುರು ಬಂದದಲ್ಲಣ್ಣ" ಎಂದೆ.