ಹುಳಿಗೆ ಅಂಜದ ಕಲ್ಲು

ಶಹಾಬಾದಿನ ನಮ್ಮ ಓಣಿಯಲ್ಲಿ ಗೋಡೆ, ನೆಲ, ಕಟ್ಟೆ ಎಲ್ಲವೂ ಊರಿನ ಬೂದು ಹಾಸುಗಲ್ಲೇ. ಪಕ್ಕದ ಮನೆಯ ಕಾಕು ಮಾತ್ರ ಖಾರ ಅರೆಯಲು ಚಿಂಚೋಳಿಯ ತವರಿನಿಂದ ಒಂದು ಕರಿಕಲ್ಲು ತಂದಿದ್ದರು. ಎಂದೋ ನೆಲದ ಬಿರುಕಿನಿಂದ ಉಕ್ಕಿದ ಲಾವಾ ಆರಿ ಗಟ್ಟಿಯಾದ ಕಲ್ಲು ಅದು. ಸರಿಸಲು ಇಬ್ಬರು ಬೇಕು. ಅದೇ ಜಾತಿಯ, ಗಾಳಿಗುಳ್ಳೆಗಳಿಂದ ತೂತುಬಿದ್ದ ಇನ್ನೊಂದು ತುಂಡು ಹಿಮ್ಮಡಿ ತಿಕ್ಕಲು ಬಚ್ಚಲಲ್ಲಿತ್ತು.

ಚಟ್ನಿಗೆ ಹುಣಸೆ ಹಾಕುವಾಗಲೆಲ್ಲ ಕಾಕು ಆ ಕರಿಕಲ್ಲನ್ನು ತಟ್ಟಿ ಅನ್ನುತ್ತಿದ್ದರು: "ಬೆಂಕ್ಯಾಗ ಹುಟ್ಟಿದ ಕಲ್ಲದ ಇದು, ಹುಳಿಗಿ ಅಂಜತದೇನು?"

ಹುಳಿ ಬಿದ್ದಲ್ಲಿ ನಮ್ಮ ಹಾಸುಗಲ್ಲು ಹೊಳಪು ಕಳೆದುಕೊಳ್ಳುತ್ತದೆ. ಹಾಗಾಗಿ ಆ ಮಾತು ಚುಚ್ಚುತ್ತಿದ್ದದ್ದು ಅವರ ಗಂಡನಿಗೆ, ನಮ್ಮ ಕಾಕಾಗೆ. ಹಾಸುಗಲ್ಲಿಗೆ ಪಾಲಿಶ್ ಹಾಕುವುದೇ ಅವರ ಕೆಲಸ. ಒಂದು ದಿನ ಅವರು ಊರ ಕಲ್ಲಿನಲ್ಲೇ ಅರೆಯುವ ಕಲ್ಲೊಂದನ್ನು ಮಾಡಿ ತಂದು, "ಇದರಾಗ ಅರದು ನೋಡು" ಎಂದರು.

ಅಂದು ಕಾಕಾನ ತಮ್ಮಂದಿರು ಊಟಕ್ಕೆ ಬಂದಿದ್ದರು, ನಾನೂ ಇದ್ದೆ. ಕಾಕು ಹೊಸ ಕಲ್ಲಿನಲ್ಲೇ ಚಟ್ನಿ ಅರೆದರು. ಮೊದಲ ತುತ್ತಿಗೇ ಎಲ್ಲರ ಹಲ್ಲಲ್ಲೂ ಕಲ್ಲಿನ ಪುಡಿ ಕರಕರ ಎಂದಿತು. ಕಾಕಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಇನ್ನೇನು ಆ ಮಾತು ಬಂತು ಎಂದು ನಾವೆಲ್ಲ ಕಾಕುವಿನ ಮುಖ ನೋಡಿದೆವು.

ಅವರು ತಮಗೇ ಇನ್ನಷ್ಟು ಚಟ್ನಿ ಬಡಿಸಿಕೊಂಡು, "ಹೊಸಾ ಕಲ್ಲದರಿ, ಹೊಸಾ ಸೊಸಿ ಇದ್ದಂಗ. ನಾ ಬಂದಾಗ ನನ್ನೂ ನೀವು ತಾಳ್ಕೊಂಡೀರಿಲ್ಲೇನು?" ಎಂದರು.

ಮೊದಲು ನಕ್ಕವರು ಕಾಕಾನೇ.

ಮೊನ್ನೆ ಹೋದಾಗ ನೋಡಿದೆ, ಆ ಬೂದು ಕಲ್ಲು ಇನ್ನೂ ಅಡುಗೆಮನೆಯಲ್ಲೇ ಇದೆ. ಅದನ್ನು ಬೋರಲು ಹಾಕಿ, ಮೇಲೆ ರಾಣಿಯಂತೆ ಕೂತು, ಕಾಕು ಕರಿಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದರು.