ಬಿಸಿಲಿಗೆ ತಂದ ಲ್ಯಾಪ್‌ಟಾಪ್

ಮಾರ್ಗಶಿರ ಮಾಸದಲ್ಲಿ ಯಲಹಂಕದ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲ. ಸಂಜೆ ರುಬ್ಬಿ ಇಟ್ಟರೆ ಬೆಳಿಗ್ಗೆ ಎದ್ದಾಗಲೂ ಮುನಿಸಿಕೊಂಡ ಬೀಗರ ಹಾಗೆ ಇಟ್ಟಲ್ಲೇ ಕೂತಿರುತ್ತದೆ. ಕಂಬಳಿ ಹೊದಿಸಿ ನೋಡಿದ್ದೇನೆ, ಬಿಸಿನೀರಿನಲ್ಲಿ ಪಾತ್ರೆ ಇಟ್ಟು ನೋಡಿದ್ದೇನೆ. ಈಗ ಅದ್ಯಾವುದಕ್ಕೂ ಹೋಗುವುದಿಲ್ಲ. ನನ್ನ ಮೊಮ್ಮಗಳು ಸಿಂಚನ ಮದುವೆ ಆಲ್ಬಮ್ಮಿನ ಕೆಲಸಕ್ಕೆ ಕೂತಳೆಂದರೆ ಅವಳ ಲ್ಯಾಪ್‌ಟಾಪಿನ ಪಕ್ಕದ ಸೀಳುಗಳಿಂದ ಬಾಣಂತಿ ಕೋಣೆಯಂಥ ಬೆಚ್ಚನೆಯ ಗಾಳಿ ಬರುತ್ತದೆ. ಅವಳ ಕಣ್ಣು ತಪ್ಪಿಸಿ ಹಿಟ್ಟಿನ ಪಾತ್ರೆಯನ್ನು ಮೆಲ್ಲಗೆ ಅಲ್ಲಿಗೆ ಸರಿಸಿಬಿಡುತ್ತೇನೆ.

ಇವತ್ತು ಬೆಳಿಗ್ಗೆ ಸಿಕ್ಕಿಬಿದ್ದೆ. “ಅಜ್ಜಿ, ಇದು ಲ್ಯಾಪ್‌ಟಾಪು, ಒಲೆ ಅಲ್ಲ. ಉಕ್ಕಿ ಒಳಗೆ ಹೋದ್ರೆ ನನ್ ಗತಿ?” ಎಂದು ಪಾತ್ರೆಯನ್ನು ಅಡುಗೆಮನೆಗೆ ಗಡೀಪಾರು ಮಾಡಿದಳು. ಅಷ್ಟರಲ್ಲಿ ಬಿಸಿ ಪ್ಲಾಸ್ಟಿಕ್ಕಿನ ವಾಸನೆಯೂ ಉದ್ದಿನ ಹುಳಿ ವಾಸನೆಯೂ ಬೆರೆತು ನನ್ನ ಮೂಗಿಗೆ ಬಡಿದಿತ್ತು. ಆ ಪ್ಲಾಸ್ಟಿಕ್ ವಾಸನೆ ಬಂದಾಗಲೆಲ್ಲ ನನಗೆ ಆರ್.ಟಿ. ನಗರದ ಅಂಗಡಿ ನೆನಪಾಗುತ್ತದೆ, ಒಬ್ಬಳೇ ನಗುತ್ತೇನೆ. ನಮ್ಮ ಯಜಮಾನರು ಪೇಪರಿನ ಮೇಲಿಂದ ಇಣುಕಿ ನೋಡಿ, ವಯಸ್ಸಾಯಿತು ಪಾಪ ಎನ್ನುವ ಮುಖ ಮಾಡಿ ಮತ್ತೆ ಪೇಪರಿಗೆ ಇಳಿಯುತ್ತಾರೆ.

ನಾನು ನಾಲ್ಕನೇ ಕ್ಲಾಸಿನ ಪರೀಕ್ಷೆಯ ಹೊತ್ತಿಗೆ ತಮ್ಮನನ್ನು ಆಡಿಸಲು ಮನೆಯಲ್ಲಿ ಉಳಿದವಳು. ಆಮೇಲೆ ಶಾಲೆಯವರು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಅಂಥವಳು ಲ್ಯಾಪ್‌ಟಾಪ್ ಆರಿಸಿದ ಕಥೆ ಹೇಳಲು ಕೂತರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ಆರಿಸಿದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಆದರೆ ಆ ಕಥೆಗೆ ಮೊದಲು ನಮ್ಮತ್ತೆಯವರ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅವರಿಂದ.

ನಮ್ಮತ್ತೆ ಚಿಕ್ಕಜಾಲದ ಕಡೆಯ ಹೆಂಗಸು. ಗೌರಿ ಹಬ್ಬ ಹತ್ತಿರ ಬಂದರೆ ನನ್ನನ್ನು ಕರೆದುಕೊಂಡು ಯಶವಂತಪುರಕ್ಕೆ ಸೀರೆಗೆ ಹೋಗುವರು. ಅಂಗಡಿಯ ಬಿಳಿ ಹಾಸಿನ ಮೇಲೆ ಕಾಲು ಚಾಚಿ ಕೂತು, ಕೊಟ್ಟ ಕಾಫಿ ಕುಡಿದು, ಬೀರುಗಳಲ್ಲಿದ್ದ ಸೀರೆಗಳನ್ನೆಲ್ಲ ಕೆಳಗಿಳಿಸಿ, ಕೊನೆಗೆ ಒಂದು ಸೀರೆ ಮೆಚ್ಚುವರು. ಮೆಚ್ಚಿದರೆ ಮುಗಿಯಿತು ಎಂದುಕೊಂಡಿರಾ? ಆಗ ಶುರು. ಸೀರೆ ಎತ್ತಿಕೊಂಡು ನೇರ ರಸ್ತೆಗೆ ನಡೆಯುವರು. “ಅಂಗ್ಡಿ ಬೆಳ್ಕು ಅಂಗ್ಡಿಯೋನ್ ಕಡೆ ಕಣಮ್ಮಿ. ಬಿಸ್ಲು ಯಾರ್ ಕಡೇನೂ ಅಲ್ಲ” ಎನ್ನುವರು. ಇವರು ಸೀರೆ ಸಮೇತ ಬಸ್ಸು ಹತ್ತಿಬಿಟ್ಟರೆ ಎಂದು ಅಂಗಡಿಯವನು ಇನ್ನೊಂದು ತುದಿ ಹಿಡಿದುಕೊಂಡೇ ಹಿಂದೆ ಬರುವನು. ಫುಟ್‌ಪಾತಿಗೆ ಅಡ್ಡಲಾಗಿ ಸೀರೆ, ಆಚೆ ಈಚೆ ನಿಂತ ಜನ, ಮಧ್ಯೆ ತಲೆ ತಗ್ಗಿಸಿಕೊಂಡು ಹೊಸ ಸೊಸೆ ನಾನು.

ಒಂದು ವರ್ಷ ಮಾತ್ರ ಜಡಿಮಳೆ, ಹೊರಗೆ ತರಲು ಆಗಲಿಲ್ಲ. ಟ್ಯೂಬ್‌ಲೈಟಿನಲ್ಲಿ ನವಿಲಿನ ಕೊರಳಿನ ಹಾಗೆ ಹೊಳೆದ ಸೀರೆ ಮನೆಗೆ ಬಂದ ಮೇಲೆ ತಾಮ್ರದ ಚೊಂಬಿನ ಕಿಲುಬಾಯಿತು. ಅತ್ತೆ ಅದನ್ನು ಬಿಸಾಡಲಿಲ್ಲ. ತಮಗೆ ಆಗದವರ ಮನೆಯ ಸಮಾರಂಭಗಳಿಗೆಂದು ಎತ್ತಿಟ್ಟರು. ಅವರು ಆ ಸೀರೆ ಉಟ್ಟು ಹೊರಟರೆಂದರೆ ಎಲ್ಲಿಗೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ.

ಈಗ ಸಿಂಚನಳ ವಿಷಯ. ಇವಳು ಚಿತ್ರಕಲೆಯ ಕಾಲೇಜಿಗೆ ಹೋಗುತ್ತಾಳೆ. ನಮ್ಮ ವಂಶದಲ್ಲಿ ಬಣ್ಣದ ಕೆಲಸ ಎಂದರೆ ಹಬ್ಬಕ್ಕೆ ಸುಣ್ಣ ಬಳಿಯುವುದೊಂದೇ ಇತ್ತು. ಈ ಮಗು ಎಲ್ಲಿಂದ ಬಂತೋ! ಮೂರನೇ ವಯಸ್ಸಿಗೇ ನನ್ನ ರಂಗೋಲಿಯಲ್ಲಿ ಹಳದಿ ಹೆಚ್ಚಾಯಿತು ಎಂದು ತಪ್ಪು ಹಿಡಿದಿತ್ತು. ನಾನು ಇದನ್ನು ಹಾಲಿನವರಿಗೂ ಹೇಳಿದ್ದೇನೆ, ನಿಮಗೂ ಹೇಳದೆ ಬಿಡಲಾರೆ.

ಓದುತ್ತಲೇ ಕೆಲಸ ಮಾಡುತ್ತೇನೆ ಎಂದು ನಮ್ಮ ರಸ್ತೆಯ ತುದಿಯ ಸ್ಟುಡಿಯೋದ ಕೃಷ್ಣಪ್ಪನವರ ಹತ್ತಿರ ಒಂದು ಮದುವೆ ಆಲ್ಬಮ್ ಒಪ್ಪಿಕೊಂಡಳು. ಫೋಟೋ ತಿದ್ದಲು ಇದ್ದದ್ದು ಅವಳ ಸೋದರಮಾವ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪು. ಅದರ ಪರದೆ ಎಲ್ಲವನ್ನೂ ನೀಲಿಯಾಗಿ ತೋರಿಸುತ್ತಿತ್ತು. ನೀಲಿ ಹೋಗಲಿ ಎಂದು ಪಾಪ ಇವಳು ಹಳದಿ ಸೇರಿಸಿದಳು. ಪರದೆಯಲ್ಲಿ ಎಲ್ಲ ಚೆಂದ ಕಂಡಿತು. ಅಚ್ಚಾಗಿ ಬಂದಾಗ ನೋಡಿದರೆ ಮದುಮಗಳು, ಮದುಮಗ, ಪುರೋಹಿತರು, ಛತ್ರದ ಗೋಡೆ, ಎಲೆಯ ಮೇಲಿನ ಅನ್ನ, ಎಲ್ಲಕ್ಕೂ ಕಾಮಾಲೆ!

ಮದುಮಗಳ ತಾಯಿ ಜಯಮ್ಮ ನಮ್ಮ ಹಿಂದಿನ ರಸ್ತೆಯವರೇ. ಆಲ್ಬಮ್ ಹಿಡಿದು ನೇರ ನಮ್ಮ ಮನೆಗೇ ಬಂದರು. “ನಾವು ಕೊಟ್ಟಿದ್ದು ಬಿಳೀ ಧಾರೆ ಸೀರೆ ಕಣ್ರೀ. ಇದ್ರಲ್ ನೋಡಿದ್ರೆ ಸಾರಲ್ಲಿ ಅದ್ದಿ ತೆಗ್ದಂಗಿದೆ” ಎಂದರು. ಅವರ ಕೋಪ ತಪ್ಪೆಂದು ನಾನು ಹೇಳಲಾರೆ. ಮಗಳ ಧಾರೆ ಸೀರೆಗಾಗಿ ಎಷ್ಟು ಅಂಗಡಿ ಮೆಟ್ಟಿಲು ಹತ್ತಿರುತ್ತಾರೆ ಎನ್ನುವುದು ಹತ್ತಿದವರಿಗೇ ಗೊತ್ತು.

ಕೃಷ್ಣಪ್ಪ ಒಳ್ಳೆಯ ಮನುಷ್ಯ. ಅದೇ ಆಲ್ಬಮ್ಮನ್ನು ಸರಿಮಾಡಿ ಕೊಡು, ಜಯಮ್ಮ ಒಪ್ಪಿದರೆ ಮುಂದಿನ ಕೆಲಸವೂ ನಿನ್ನದೇ, ಇಲ್ಲದಿದ್ದರೆ ನಾಗಸಂದ್ರದ ನನ್ನ ಹಳೆಯ ಹುಡುಗನಿಗೇ ಕೊಡುತ್ತೇನೆ ಎಂದರು. ಸಿಂಚನಳಿಗೆ ಕೆಲಸ ಹೋದೀತೆಂಬ ಚಿಂತೆಗಿಂತ ದೊಡ್ಡದೊಂದು ಹಿಡಿದುಕೊಂಡಿತು. ತಟ್ಟೆಯಲ್ಲಿ ಮುದ್ದೆ ಆರುತ್ತಿದ್ದರೂ ಮುಟ್ಟದೆ, “ನಂಗೆ ಬಣ್ಣಾನೇ ಗೊತ್ತಾಗಲ್ಲ ಅನ್ಸುತ್ತೆ ಅಜ್ಜಿ” ಎಂದಳು. ರಂಗೋಲಿಯಲ್ಲಿ ತಪ್ಪು ಹಿಡಿದ ಮಗು! ಆಗಿದ್ದಾಗಲಿ, ಇವಳಿಗೊಂದು ನೆಟ್ಟಗಿನ ಲ್ಯಾಪ್‌ಟಾಪ್ ಆಗಲೇಬೇಕು ಎಂದೆ.

ನಮ್ಮ ಕೈಗೆಟುಕುವ ಬೆಲೆಯೊಳಗೆ ಬಣ್ಣದ ಕೆಲಸಕ್ಕೆ ಆಗುವಂಥದ್ದು ಬೇಕು. ಹುಡುಕಾಟ ಶುರುವಾಯಿತು. ಸಿಂಚನ ಫೋನಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಒಬ್ಬ ಇದನ್ನು ಕೊಳ್ಳದವನು ದಡ್ಡ ಎನ್ನುತ್ತಾನೆ, ಇನ್ನೊಬ್ಬ ಅದನ್ನೇ ಕೊಂಡವನು ದಡ್ಡ ಎನ್ನುತ್ತಾನೆ. ನನ್ನ ನಾಲ್ಕು ತಂಗಿಯರ ಮದುವೆಗೂ ಇಷ್ಟು ಜಾತಕ ನೋಡಿರಲಿಲ್ಲ. ನಮ್ಮ ಯಜಮಾನರದ್ದು ಒಂದೇ ಮಾತು: “ದಪ್ಪಗಿರೋದ್ ತಗೊಳ್ಳಮ್ಮ, ಬಾಳಿಕೆ ಬರುತ್ತೆ.” ಹೇಳುವಾಗ ನನ್ನ ಕಡೆ ಯಾಕೆ ನೋಡಿದರೋ ತಿಳಿಯದು.

ಕೊನೆಗೆ ಸಿಂಚನ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಕಪ್ಪು ಮೈ, ಕೀಲಿಗಳ ಕೆಳಗೆ ಗಣೇಶನ ಪೆಂಡಾಲಿನಂತೆ ಕೆಂಪು ಹಸಿರು ದೀಪ. ಅದನ್ನೇ ತರೋಣವೆಂದು ನಾವಿಬ್ಬರೂ ಒಂದು ಶನಿವಾರ ಆರ್.ಟಿ. ನಗರದ ಬಸ್ಸು ಹತ್ತಿದೆವು. ನಾನು ಅವಳಿಗೆ ಹೇಳದೆ ಬಟ್ಟೆ ಚೀಲದಲ್ಲಿ ನನ್ನ ಧಾರೆ ಸೀರೆ ಇಟ್ಟುಕೊಂಡಿದ್ದೆ. ಬಿಳಿ ಮೈ, ಕೆಂಪು ಅಂಚು. ಹೆಬ್ಬಾಳದಲ್ಲಿ ಬಸ್ಸು ವಾಹನಗಳ ಮಧ್ಯೆ ಸಿಕ್ಕಿಕೊಂಡು ನಿಂತಾಗ ಚೀಲದಲ್ಲಿ ಏನೆಂದು ಕೇಳಿದಳು. ಚಳಿಗೆ ಶಾಲು ಎಂದೆ. ಹೊರಗೆ ಬಿಸಿಲು ಸುರಿಯುತ್ತಿತ್ತು.

ಅಂಗಡಿಯಲ್ಲಿ ಸಾಲಾಗಿ ಲ್ಯಾಪ್‌ಟಾಪುಗಳು. ಒಂದೊಂದರ ಪರದೆಯಲ್ಲೂ ಗಿಳಿ, ಜಲಪಾತ, ಹೂವಿನ ತೋಟ. ಹೆಣ್ಣು ನೋಡಲು ಬರುತ್ತಾರೆಂದು ಪೌಡರು ಬಳಿದು ಕೂರಿಸಿದಂತೆ ಎಲ್ಲವೂ ಸುಂದರಿಯರೇ. ತೋರಿಸಲು ಬಂದ ಈರಣ್ಣ ಗದಗದ ಕಡೆಯವನು, ಬಾಗಿಲಿನಷ್ಟು ಎತ್ತರ, ದಪ್ಪ ಮೀಸೆ. ಸಿಂಚನ ಕೇಳಿದ ದೀಪದ ಲ್ಯಾಪ್‌ಟಾಪನ್ನು ಹೊಗಳತೊಡಗಿದ. ನಾನು ಸುತ್ತ ನೋಡಿದೆ. ತಲೆಯ ಮೇಲೆ ನಕ್ಷತ್ರಗಳಂತೆ ಸಣ್ಣ ಸಣ್ಣ ದೀಪ. ಅಂಗಡಿ ಬೆಳಕು!

“ಇದನ್ನ ಸ್ವಲ್ಪ ಈಚೆಗೆ ತಗೊಂಡ್ ಬಾಪ್ಪ, ಬಿಸಿಲಲ್ಲಿ ನೋಡ್ಬೇಕು” ಎಂದೆ.

“ಬಿಸಿಲಿಗ್ಯಾಕ್ರೀ ಅಜ್ಜಿ? ಇದೇನ್ ಹಪ್ಪಳ ಏನ್ರೀ?”

ಸಿಂಚನ ನನ್ನ ಸೆರಗು ಎಳೆದಳು. ನಾನು ಬಿಡಲಿಲ್ಲ. ಬಣ್ಣದ ವಸ್ತುವನ್ನು ಬಿಸಿಲಿನಲ್ಲಿ ನೋಡದೆ ಕೊಳ್ಳುವುದು ನಮ್ಮ ಮನೆಯಲ್ಲಿ ಇಲ್ಲ ಎಂದೆ. ಈರಣ್ಣ ಒಳಗೆ ಹೋಗಿ ಮಾಲೀಕರನ್ನು ಕೇಳಿ ಬಂದ. ಲ್ಯಾಪ್‌ಟಾಪಿಗೆ ಕಟ್ಟಿದ್ದ ಕಬ್ಬಿಣದ ತಂತಿಯ ತುದಿಯನ್ನು ಮೇಜಿನಿಂದ ಬಿಡಿಸಿ ಕೈಗೆ ಸುತ್ತಿಕೊಂಡು ನನ್ನ ಹಿಂದೆ ಬಂದ. ಆ ಕ್ಷಣ ನನಗೆ ಅತ್ತೆಯೇ ಮೈಮೇಲೆ ಬಂದಂತಿತ್ತು.

ಬಿಸಿಲಿಗೆ ಬಂದು ಪರದೆ ತಿರುಗಿಸಿ ನೋಡುತ್ತೇನೆ, ಗಿಳಿಯೂ ಇಲ್ಲ, ಜಲಪಾತವೂ ಇಲ್ಲ. ಕಪ್ಪು ಗಾಜಿನಲ್ಲಿ ಒಂದು ಮುದುಕಿ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಾಳೆ. ಕುಂಕುಮ ಸೊಟ್ಟಗಾಗಿದೆ. ಏನು ಮಾಡಬೇಕೆಂದು ತೋಚದೆ ಕುಂಕುಮ ಸರಿಮಾಡಿಕೊಂಡೆ. ಎದುರಿನ ಸ್ಟ್ಯಾಂಡಿನ ಆಟೋದವನು, “ಏನಜ್ಜಿ, ಕನ್ನಡಿ ಎಷ್ಟಕ್ ಕೊಟ್ರು?” ಎಂದ. ಅತ್ತೆಯ ಮಾತು ಮೊದಲ ಸಲ ನನ್ನ ಕೈಬಿಟ್ಟಿತ್ತು. ತನ್ನ ಬೆಳಕು ತಾನೇ ತರುವ ವಸ್ತುವನ್ನು ಅವರು ಎಲ್ಲಿ ಕಂಡಿದ್ದರು ಹೇಳಿ?

ಒಳಗೆ ಬಂದು ತಲೆ ತಗ್ಗಿಸಿ ಮೋಟು ಸ್ಟೂಲಿನ ಮೇಲೆ ಕೂತೆ. ಸಿಂಚನ ಬೈಯುತ್ತಾಳೆಂದುಕೊಂಡರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ಎಷ್ಟೋ ವಾರಗಳಿಂದ ಆ ನಗು ಕಂಡಿರಲಿಲ್ಲ. ಚೀಲದಿಂದ ಇಣುಕುತ್ತಿದ್ದ ಕೆಂಪು ಅಂಚನ್ನು ನೋಡಿ, “ಶಾಲಾ ಇದು? ತಂದಿದ್ದೀಯಲ್ಲ, ಕೊಡು” ಎಂದು ಸೀರೆ ತೆಗೆದು ಮೇಜಿನ ಮೇಲೆ ಹರಡಿ, ಫೋಟೋ ಹೊಡೆದು, ಆ ದೀಪದ ಲ್ಯಾಪ್‌ಟಾಪಿನಲ್ಲೇ ಹಾಕಿದಳು.

ಇಲ್ಲಿ ಜಗಳ ಹತ್ತಿಕೊಂಡಿತು. ಕೆಳಗೆ ಕೂತಿದ್ದ ನನಗೆ ಪರದೆಯಲ್ಲಿನ ಅಂಚು ಸುಟ್ಟ ಬದನೆಕಾಯಿಯ ಹಾಗೆ ಕಂಡಿತು. ಪಕ್ಕದಲ್ಲಿ ನಿಂತಿದ್ದ ಈರಣ್ಣ, ಬದನೆಕಾಯಿ ಎಲ್ಲಿಂದ ಬಂತು, ತಿಳಿ ಗುಲಾಬಿ ಅಲ್ಲವೇ ಎಂದ. ನೇರ ಎದುರಿಗೆ ಕೂತಿದ್ದ ಸಿಂಚನ ಇಬ್ಬರಿಗೂ ಏನಾಗಿದೆ, ಕೆಂಪಗೇ ಇದೆಯಲ್ಲ ಎಂದಳು.

“ಅಜ್ಜಿ, ಕಣ್ಣಿಗೆ ಪೊರಿ ಬಂದೈತೇನ್ರೀ?” ಎಂದ ಈರಣ್ಣ.

“ಪೊರೆ ತೆಗ್ಸಿ ವರ್ಷ ಆಯ್ತಪ್ಪ. ನಿನ್ನದನ್ನ ತೋರಿಸ್ಕೋ.”

ಸಿಂಚನ ಎದ್ದು ನಿಂತು ನೋಡಿದಳು, ಕುಕ್ಕರಗಾಲಲ್ಲಿ ಕೂತು ನೋಡಿದಳು, ತುದಿಗಾಲಲ್ಲಿ ನಿಂತು ನೋಡಿದಳು. ಆಮೇಲೆ ನನ್ನನ್ನು ಎಬ್ಬಿಸಿ, ಈರಣ್ಣನ ಭುಜ ಒತ್ತಿ ನನ್ನ ಸ್ಟೂಲಿನ ಮೇಲೆ ಕೂರಿಸಿದಳು. ಈರಣ್ಣ ಪರದೆ ನೋಡಿ ಮೀಸೆ ತಡವಿಕೊಂಡ.

“ಅಯ್ಯ, ಬದನಿಕಾಯಿನ ಐತಲ್ರೀ.”

ಆಮೇಲೆ ನಡೆದದ್ದನ್ನು ಆ ಅಂಗಡಿಯವರು ಇನ್ನೂ ಹೇಳಿಕೊಂಡು ನಗುತ್ತಿರಬಹುದು. ಒಂದೊಂದು ಲ್ಯಾಪ್‌ಟಾಪಿಗೂ ಅದೇ ಫೋಟೋ ಹಾಕಿ, ನನ್ನನ್ನೂ ಈರಣ್ಣನನ್ನೂ ಕೂರಿಸುವುದು, ಏಳಿಸುವುದು, ಅಂಚಿನ ಬಣ್ಣ ಹೇಳಿಸುವುದು. ನನ್ನ ಮಂಡಿ ಕಟಕಟ ಎಂದರೆ ಈರಣ್ಣನ ಮಂಡಿಯೂ ಉತ್ತರ ಕೊಡುತ್ತಿತ್ತು. ಕೂತವರಿಗೊಂದು ನಿಂತವರಿಗೊಂದು ಹೇಳುವ ಲ್ಯಾಪ್‌ಟಾಪುಗಳೇ ಹೆಚ್ಚು. ಮೂಲೆಯಲ್ಲಿ ಬೂದಿ ಬಣ್ಣದ, ಇಟ್ಟಿಗೆಯಂತೆ ದಪ್ಪಗಿನ ಒಂದಿತ್ತು. ಕೀಲಿಗಳಿಗೆ ದೀಪವಿಲ್ಲ, ಪರದೆಯಲ್ಲಿ ಗಿಳಿಯೂ ಇಲ್ಲ. ಹೋದ ವರ್ಷದ್ದು, ಯಾರೂ ಕೇಳುವುದಿಲ್ಲ ಎಂದ ಈರಣ್ಣ. ಅದರಲ್ಲಿ ಫೋಟೋ ಹಾಕಿದಾಗ ನನಗೂ ಕೆಂಪು, ಅವನಿಗೂ ಕೆಂಪು.

ಸಿಂಚನ ನನ್ನ ಸೀರೆಯ ಅಂಚನ್ನು ಪರದೆಯ ಪಕ್ಕ ಹಿಡಿದು ತುಂಬ ಹೊತ್ತು ನೋಡಿದಳು. ಫೋನು ತೆಗೆಯಲಿಲ್ಲ, ಯಾವ ವಿಡಿಯೋದವನನ್ನೂ ಕೇಳಲಿಲ್ಲ.

“ಇದೇ ಅಜ್ಜಿ. ನಂಗೆ ಗೊತ್ತಾಗ್ತಿದೆ” ಎಂದಳು.

ಅಷ್ಟು ಸಾಕಾಗಿತ್ತು ನನಗೆ. ಅಲ್ಲೇ ಅವಳ ಹಣೆಗೆ ಮುತ್ತು ಕೊಟ್ಟೆ, ಈರಣ್ಣ ಪಾಪ ಮುಖ ತಿರುಗಿಸಿ ನಿಂತ. ಮನೆಗೆ ತಂದಾಗ ಯಜಮಾನರು ಅದರ ದಪ್ಪ ನೋಡಿ ತೃಪ್ತರಾದರು. ಲ್ಯಾಪ್‌ಟಾಪ್ ಆರಿಸಿದ್ದು ತಾವೇ ಎಂದು ಇವತ್ತಿಗೂ ನಂಬಿದ್ದಾರೆ.

ಜಯಮ್ಮನ ಮಗಳ ಆಲ್ಬಮ್ ಮತ್ತೆ ಅಚ್ಚಾಗಿ ಬಂತು. ಜಯಮ್ಮ ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು, ಕಂಕುಳಲ್ಲಿ ಧಾರೆ ಸೀರೆಯ ಗಂಟು. ನಮ್ಮ ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ ಆಲ್ಬಮ್ ತೆರೆದರು. ಕಣ್ಣು ಕಿರಿದು ಮಾಡಿ ನೋಡಿದರು. ಪುಟ ತಿರುವಿ ಮತ್ತೆ ನೋಡಿದರು. ಸಿಂಚನ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. ಜಯಮ್ಮ ಇದ್ದಕ್ಕಿದ್ದಂತೆ ಆಲ್ಬಮ್ಮನ್ನೂ ಸೀರೆಯನ್ನೂ ಎತ್ತಿಕೊಂಡು, “ಒಳಗಿನ್ ಲೈಟ್ ನಂಬೋಕಾಗಲ್ಲ” ಎನ್ನುತ್ತಾ ಬರಿಗಾಲಿನಲ್ಲಿ ರಸ್ತೆಗೆ ಹೊರಟೇಬಿಟ್ಟರು.

ನಾನು ಸಿಂಚನಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೂ ಹಿಂದೆಯೇ ಓಡಿದೆವು. ರಸ್ತೆಯ ನಡುವೆ, ಎಳೆ ಬಿಸಿಲಿನಲ್ಲಿ, ಜಯಮ್ಮ ಸೀರೆಯ ಮೇಲೆ ಆಲ್ಬಮ್ ಬಿಚ್ಚಿ ಹಿಡಿದು ನಿಂತಿದ್ದರು. ತರಕಾರಿ ಗಾಡಿಯವನು ಕೂಗುವುದನ್ನು ನಿಲ್ಲಿಸಿ ಕಾದ. ಸ್ಕೂಟರಿನವರೊಬ್ಬರು ಹಾರ್ನ್ ಹೊಡೆದರು, ಆಮೇಲೆ ಅವರೂ ಇಳಿದು ಬಂದು ನೋಡಿದರು. ಕಾಗದದ ಮೇಲಿನ ಬಿಳಿ ಯಾವುದು, ಸೀರೆಯ ಬಿಳಿ ಯಾವುದು ಎಂದು ದೂರದಿಂದ ನನಗೆ ಬೇರೆ ಮಾಡಲಾಗಲಿಲ್ಲ. ಜಯಮ್ಮ ಬೆರಳಿನಿಂದ ಫೋಟೋದ ಸೆರಗನ್ನು ಸವರಿದರು. ಅವರ ಕಣ್ಣು ಒದ್ದೆಯಾಗಿತ್ತು. ಬಿಸಿಲಿಗೋ ಏನೋ, ನಾನು ಕೇಳಲಿಲ್ಲ.

“ನಮ್ ಸೀರೆನೇ ಇದು” ಎಂದರು. ಆಮೇಲೆ ಮುಂದಿನ ಪುಟಗಳನ್ನೂ ಒಂದೊಂದಾಗಿ ನೋಡಿ, ಸಿಂಚನಳನ್ನು ಹತ್ತಿರ ಕರೆದು, ಗುಟ್ಟಿನ ದನಿಯಲ್ಲಿ ಹೇಳಿದರು: “ಆದ್ರೂ ಮಗಾ, ಬೀಗರ ಕಡೆಯೋರ್ನ ಹಳದಿಯಾಗೇ ಬಿಟ್ಟಿದ್ರೆ ನಡೀತಿತ್ತು.”

ಅಂದಿನಿಂದ ಕೃಷ್ಣಪ್ಪನವರ ಸ್ಟುಡಿಯೋದ ಮದುವೆಗಳೆಲ್ಲ ನಮ್ಮ ಮನೆಯ ಮೂಲಕವೇ ಹಾಯ್ದು ಹೋಗುತ್ತಿವೆ. ಯಾರ ಮದುವೆಯಲ್ಲಿ ಯಾರು ಮುಖ ಗಂಟಿಕ್ಕಿಕೊಂಡಿದ್ದರು ಎನ್ನುವುದು ಯಲಹಂಕದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲ.

ಇಷ್ಟು ನಿಮಗೆ ಹೇಳುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಬೆಕ್ಕೆಂದು ಎದ್ದು ಹೋದರೆ ಸಿಂಚನ. ಹಿಟ್ಟಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಲ್ಯಾಪ್‌ಟಾಪಿನ ಕಡೆಗೇ ಹೊರಟಿದ್ದಾಳೆ. ಬೆಳಿಗ್ಗೆ ಗಡೀಪಾರು ಮಾಡಿದವಳೇ! ಮೇಜಿನ ಪಕ್ಕ ಒಂದು ಸ್ಟೂಲು ಎಳೆದು, ಗಾಳಿ ತಾಗುವಷ್ಟು ಹತ್ತಿರ, ಉಕ್ಕಿದರೆ ತಾಗದಷ್ಟು ದೂರ ಅಳೆದು ಇಟ್ಟಳು.

“ಜಯಮ್ಮನೋರ ಎರಡನೇ ಮಗಳ ಆಲ್ಬಮ್ಮು ಅಜ್ಜಿ. ಫೋಟೋ ರಾಶಿ ಇದೆ, ಮಧ್ಯಾಹ್ನದವರೆಗೂ ಬಿಸಿ ಇರುತ್ತೆ” ಎಂದು ಮುಖ ತಿರುಗಿಸದೆಯೇ ಹೇಳಿ ಕೆಲಸಕ್ಕೆ ಕೂತಳು.

ಹಾಗಾಗಿ ಇವತ್ತು ನಮ್ಮಲ್ಲಿ ದೋಸೆ ಮಧ್ಯಾಹ್ನಕ್ಕೆ. ಈ ಕಡೆ ಬಂದರೆ ಒಳಗೆ ಬನ್ನಿ. ಹೊಂಬಣ್ಣ ಬಂದಿದೆಯೋ ಇಲ್ಲವೋ ಎಂದು ಅನುಮಾನವಾದರೆ ಸಂಕೋಚ ಬೇಡ, ತಟ್ಟೆ ಎತ್ತಿಕೊಂಡು ಬಾಗಿಲಾಚೆ ಹೋಗಿ. ನಮ್ಮ ರಸ್ತೆಯವರಿಗೆ ಅದು ಅಭ್ಯಾಸವಾಗಿದೆ.